ಮಂಗಳೂರಿನ ವರ್ತಕ, ಮೈಸೂರಿನ ಸೆರೆಯಾಳು: ಯಹೂದಿ ಪಠ್ಯಗಳು ಮತ್ತು ಸಂಕಟದಿಂದ ಚೇತರಿಕೆ

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಲ್ಲಿ ಯಹೂದಿಗಳ ಮಾತೆತ್ತಿದರೆ ಕೆಲವರಿಗೆ ಬೈಬಲ್ಲು ನೆನಪಾದೀತು, ಹೆಚ್ಚಿನವರಿಗೆ ಟೀವಿ ಸುದ್ದಿ. ಆದರೆ ಬಯಲುಸೀಮೆಯ ಈ ಊರನ್ನು ನಡುವಿಗಿಟ್ಟುಕೊಂಡು ಸುತ್ತ ಕಣ್ಣಾಡಿಸಿದರೆ ಯಹೂದಿ ಚರಿತ್ರೆಯ ಮೂರು ಎಳೆಗಳು ಸಿಗುತ್ತವೆ. ಘಟ್ಟ ಇಳಿದರೆ ಮಂಗಳೂರು. 12ನೇ ಶತಮಾನದಲ್ಲಿ ಟ್ಯುನೀಶಿಯ ಕಡೆಯ ಯಹೂದಿ ವರ್ತಕನೊಬ್ಬ ಅಲ್ಲಿ ಸುಮಾರು 17 ವರ್ಷ ಸಂಸಾರ ಹೂಡಿದ್ದ. ತೆಂಕಣಕ್ಕೆ ಶ್ರೀರಂಗಪಟ್ಟಣದ ಅರಸೊತ್ತಿಗೆ. 18ನೇ ಶತಮಾನದ ಕೊನೆಯಲ್ಲಿ ಅದರ ಸೆರೆಗೆ ಸಿಕ್ಕಿ ಬದುಕಿ ಬಂದ ಯಹೂದಿ ಸೇನಾಧಿಕಾರಿಯೊಬ್ಬ ಮುಂಬಯಿಯ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಕಟ್ಟಿಸಿದ. ತರೀಕೆರೆ ದಾಟಿದರೆ ಭದ್ರಾವತಿ. 1940ರ ದಶಕದಲ್ಲಿ ಅದರ ನಗರ ಯೋಜನೆ ಹಾಕಿದವರು ಹಿಟ್ಲರನ ಜರ್ಮನಿ ಬಿಟ್ಟು ಬಂದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್.

ಮೂರನೆಯ ಎಳೆಯನ್ನು ಇಲ್ಲೇ ಬದಿಗಿಡುತ್ತೇನೆ. ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಳಿಯ. 1933ರಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋಗಿ ಪ್ರಾಚೀನ ಕಟ್ಟಡಗಳ ಅಧ್ಯಯನ ಮಾಡಿದರು. 1939ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಅವರ ಕಟ್ಟಡಗಳಿವೆ. ಅವರ ಬದುಕು ಚೇತರಿಕೆಯ ಕಥೆಯೇ, ಅನುಮಾನವಿಲ್ಲ. ಆದರೆ ಅವರನ್ನು ನಿಲ್ಲಿಸಿದ್ದು ವೃತ್ತಿ, ಯಹೂದಿ ಧರ್ಮಶಾಸ್ತ್ರದ ಸಂಗ್ರಹವಾದ ತಾಲ್ಮೂದ್ ಅಲ್ಲ. ಯಹೂದಿ ಮೂಲದ ಪ್ರತಿಯೊಬ್ಬ ನಿರಾಶ್ರಿತನನ್ನೂ ಯಹೂದಿ ಧರ್ಮದ ಸಾಕ್ಷಿಯಾಗಿ ನಿಲ್ಲಿಸುವುದು ಸುಲಭದ ಕೆಲಸ, ಸರಿಯಾದ ಕೆಲಸವಲ್ಲ. ಪಠ್ಯ, ಆಚರಣೆ ಮತ್ತು ಸಂಕಟ ಮೂರೂ ಒಂದೇ ಕಡೆ ದಾಖಲಾಗಿರುವ ಪ್ರಕರಣಗಳು ಉಳಿದ ಎರಡೇ. ಈ ಟಿಪ್ಪಣಿ ಅವುಗಳ ಬಗ್ಗೆ.

ಮೊದಲನೆಯವನು ಅಬ್ರಹಾಂ ಬೆನ್ ಯಿಜು. ಮಹ್ದಿಯಾ ಎಂಬ ಬಂದರು ಊರಿನವನು. ತಂದೆ ಪೆರಹ್ಯಾ ಧರ್ಮಪಂಡಿತ. ಮಗ ಏಡನ್‌ಗೆ ಬಂದು ಅಲ್ಲಿಯ ದೊಡ್ಡ ವರ್ತಕ ಮದ್ಮೂನನ ನೆರಳಿನಲ್ಲಿ ವ್ಯಾಪಾರ ಕಲಿತು 1132ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ. ಆಗ ತುಳುನಾಡು ಆಳುಪರದ್ದು. ಅವನಿಗೆ ಅಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆಯಿತ್ತು. ಏಡನ್‌ನಿಂದ ತಾಮ್ರವೂ ಒಡೆದ ಹಳೆಯ ಪಾತ್ರೆಗಳೂ ಬರುತ್ತಿದ್ದವು. ಇಲ್ಲಿ ಕರಗಿಸಿ ಹೊಸತು ಮಾಡಿ ಕಳಿಸುತ್ತಿದ್ದರು. ಜೊತೆಗೆ ಕಬ್ಬಿಣ, ಮೆಣಸು, ಏಲಕ್ಕಿ, ಅಡಿಕೆ. ಅಡಿಕೆ ಎಂದರೆ ತರೀಕೆರೆ ಕಡೆಯ ಓದುಗರ ಕಿವಿ ನೆಟ್ಟಗಾಗುತ್ತದೆ. ಆದರೆ ಅದು ಯಾವ ತೋಟದ್ದೆಂಬುದು ಆ ಪತ್ರ ಬರೆದವರಿಗೆ ಬೇಕಿರಲಿಲ್ಲ; ಏಡನ್‌ನಲ್ಲಿ ಯಾವ ದರಕ್ಕೆ ಹೋಯಿತೆಂಬುದೇ ಅವರ ಚಿಂತೆ.

ಇಷ್ಟೆಲ್ಲ ನಮಗೆ ತಿಳಿದಿರುವುದಕ್ಕೆ ಕಾರಣವೇ ಒಂದು ಯಹೂದಿ ಆಚರಣೆ. ದೇವರ ಹೆಸರು ಇದ್ದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು, ಸುಡಬಾರದು; ಒಂದು ಕೋಣೆಯಲ್ಲಿ ಹಾಕಿಡಬೇಕು. ಆ ಕೋಣೆಗೆ ಗೆನೀಜಾ ಎನ್ನುತ್ತಾರೆ. ಹಳೆಯ ಕೈರೋದ, ಅಂದರೆ ಫುಸ್ತಾತ್‌ನ, ಬೆನ್ ಎಜ್ರಾ ಸಿನಗಾಗ್‌ನ ಗೆನೀಜಾದಲ್ಲಿ ನೂರಾರು ವರ್ಷಗಳ ಕಾಗದ ಹಾಗೇ ಉಳಿದಿತ್ತು. ಪ್ರಾರ್ಥನೆ, ಪದ್ಯ, ಮದುವೆ ಕರಾರು, ಸಾಲದ ಚೀಟಿ, ಸಾಮಾನಿನ ಪಟ್ಟಿ ಎಲ್ಲವೂ ಅದರಲ್ಲಿ ಬೆರೆತಿತ್ತು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿಯ ಸಂಗ್ರಹದಲ್ಲೇ ಈಗ ಸುಮಾರು 1,93,000 ತುಣುಕುಗಳಿವೆ. ಎಸ್.ಡಿ. ಗೊಯ್ಟೈನ್ ಅವುಗಳೊಳಗಿಂದ ಭಾರತದ ವ್ಯಾಪಾರಕ್ಕೆ ಸೇರಿದವನ್ನು ಹೆಕ್ಕಿ ಜೋಡಿಸುತ್ತ ದಶಕಗಳನ್ನೇ ಕಳೆದರು. ಅವರು 1985ರಲ್ಲಿ ತೀರಿಕೊಂಡ ಮೇಲೆ ಮೊರ್ದೆಖಾಯ್ ಫ್ರೀಡ್ಮನ್ ಕೆಲಸ ಮುಂದುವರಿಸಿದರು. ಇಂಗ್ಲಿಷ್ ಸಂಪುಟ 2008ರಲ್ಲಿ ಬಂತು. ಸಾಮಾನ್ಯ ಓದುಗರಿಗೆ ಬೆನ್ ಯಿಜುವಿನ ಪರಿಚಯ ಮಾಡಿಸಿದ್ದು 1992ರಲ್ಲಿ ಪ್ರಕಟವಾದ ಅಮಿತಾವ್ ಘೋಷರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’. ಬೆನ್ ಯಿಜುವಿನ ಆಳಿನ ಹೆಸರು ‘ಬೊಮ್ಮ’ ಎಂದಿರಬೇಕೆಂದು ಘೋಷ್ ಗುರುತಿಸಿದ್ದರ ಹಿಂದೆ ಮಂಗಳೂರಿನ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿತ್ತು.

1140ರ ದಶಕದಲ್ಲಿ ಬೆನ್ ಯಿಜುವಿನ ತವರು ನೆಲಕ್ಕೆ ಬರ ಬಡಿಯಿತು. ಬೆನ್ನಿಗೇ 1148ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರನ ನೌಕಾಪಡೆ ಮಹ್ದಿಯಾವನ್ನು ಹಿಡಿಯಿತು. ಅಣ್ಣತಮ್ಮಂದಿರು ಎಲ್ಲಿದ್ದಾರೆ, ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. 1149ರಲ್ಲಿ ಬೆನ್ ಯಿಜು ಇಬ್ಬರು ಮಕ್ಕಳನ್ನು ಕರೆದುಕೊಂಡು ಮಂಗಳೂರು ಬಿಟ್ಟು ಏಡನ್ ಸೇರಿದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೋದರರಿಗೊಂದು ಪತ್ರ ಬರೆದ. ಈ ಟಿಪ್ಪಣಿಯ ಮುಖ್ಯ ಆಕರ ಆ ಪತ್ರ.

ಅದರಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಗೋಳು. ಅದು ಬಂದಾಗ ಹೀಬ್ರೂ ಧರ್ಮಗ್ರಂಥದ ಪಡಿಯಚ್ಚಿನ ನುಡಿಗಳು ಸಾಲುಗಟ್ಟುತ್ತವೆ. ಇನ್ನೊಂದು ವ್ಯವಹಾರ. ಅದನ್ನು ಅವನು ದಿನಬಳಕೆಯ ಅರಬ್ಬಿಯಲ್ಲಿ, ಹೀಬ್ರೂ ಲಿಪಿಯಲ್ಲಿ, ಬರೆಯುತ್ತಾನೆ. ನನ್ನಲ್ಲಿ ಇರುವುದು ನಮ್ಮೆಲ್ಲರಿಗೂ ಸಾಕು, ಬನ್ನಿ, ಹಂಚಿಕೊಂಡು ಬದುಕೋಣ ಎಂಬುದು ಅದರ ತಿರುಳು. ಮಗಳು ಬೆಳೆದಿದ್ದಾಳೆ, ಹೊರಗಿನವರಿಗೆ ಕೊಡುವುದಕ್ಕಿಂತ ನಿಮ್ಮ ಮಗನಿಗೆ ಕೊಡುತ್ತೇನೆ, ಕಳಿಸಿ ಎಂದೂ ಕೇಳುತ್ತಾನೆ.

ಗೋಳಿನ ಭಾಗ ಸಿದ್ಧ ಮಾತುಗಳದ್ದು, ಅದರಲ್ಲಿ ಆತನ ಸ್ವಂತದ್ದು ಏನಿದೆ ಎಂದು ಕೇಳುವವರುಂಟು. ಈ ಪ್ರಶ್ನೆಯೇ ತಪ್ಪೆಂದು ನನ್ನ ಅಭಿಪ್ರಾಯ. ಮನಸ್ಸು ಚೂರಾದಾಗ ಹೊಸ ಮಾತು ಹುಟ್ಟಿಸು ಎನ್ನುವುದು ನಮ್ಮ ಕಾಲದ ಹಟ. ನಮ್ಮ ಹಳ್ಳಿಗಳಲ್ಲಿ ಹೆಣದ ಮುಂದೆ ಕೂತು ಹಾಡಿ ಹಾಡಿ ಅಳುವ ಹೆಂಗಸರ ಮಾತೂ ಅವರು ಹುಟ್ಟಿಸಿದ್ದಲ್ಲ. ಹಾಗೆಂದು ಅವರ ಅಳು ಸುಳ್ಳಾಗುವುದಿಲ್ಲ. ಬೆನ್ ಯಿಜುವಿಗೆ ದುಃಖದ ಮಾತು ಚಿಕ್ಕಂದಿನಿಂದ ಬಾಯಿಪಾಠವಾಗಿತ್ತು. ಹಾಗಾಗಿ ಉಳಿದ ಶಕ್ತಿಯನ್ನು ಅವನು ಮುಂದೇನು ಮಾಡಬೇಕೆಂಬುದಕ್ಕೆ ಬಳಸಬಲ್ಲವನಾದ. ಪತ್ರದ ರಚನೆಯೇ ಇದನ್ನು ತೋರಿಸುತ್ತದೆ.

ಮುಂದಿನದು ಸುಖಾಂತವಲ್ಲ. ಸೋದರ ಮುಬಶ್ಶಿರ್ ಬಂದು ಸಿಕ್ಕಿದ. ಹಣಕ್ಕೆ ಮೋಸ ಮಾಡಿಹೋದ. ಮಕ್ಕಳಲ್ಲಿ ಹಿರಿಯವನಾದ ಮಗ ಏಡನ್‌ನಲ್ಲಿ ತೀರಿಕೊಂಡ. ಬೆನ್ ಯಿಜು ಯೆಮೆನ್ನಿನ ಒಳನಾಡಿಗೆ ಹೋಗಿ ಕೆಲವು ವರ್ಷ ನೆಲೆಸಿದ. ಅಲ್ಲಿ ಧರ್ಮಶಾಸ್ತ್ರದ ತೀರ್ಪುಗಳ ಕರಡು ಬರೆದ, ಪ್ರಾರ್ಥನಾ ಪದ್ಯಗಳನ್ನೂ ರಚಿಸಿದ. ಏಡನ್‌ನ ಹಿರಿಯ ವರ್ತಕನೊಬ್ಬ ತನ್ನ ಮಗನಿಗೆ ಹೆಣ್ಣು ಕೇಳಿದಾಗ ಒಪ್ಪಲಿಲ್ಲ; ಸಿಸಿಲಿಯಲ್ಲಿದ್ದ ಸೋದರ ಯೂಸುಫನಿಗೆ ಮತ್ತೆ ಪತ್ರ ಬರೆದ. 1156ರಲ್ಲಿ ಫುಸ್ತಾತ್‌ನಲ್ಲಿ ಮಗಳು ಸಿತ್ ಅಲ್-ದಾರ್ ಮತ್ತು ಯೂಸುಫನ ಮಗ ಪೆರಹ್ಯಾ ಇವರ ಮದುವೆಯಾಯಿತು. ವರನಿಗೆ ಅಜ್ಜನ ಹೆಸರು. ಮಹ್ದಿಯಾದಲ್ಲಿ ಚದುರಿದ ಮನೆತನ ಈಜಿಪ್ಟಿನಲ್ಲಿ ಒಂದು ಕರಾರು ಪತ್ರದ ಮೂಲಕ ಮತ್ತೆ ಕೂಡಿತು.

ಇಲ್ಲಿ ಅದೇ ಫುಸ್ತಾತ್ ಊರಿನ, ಅದೇ ಸಮುದ್ರಕ್ಕೆ ಸಂಬಂಧಿಸಿದ, ಇನ್ನೂ ಪ್ರಸಿದ್ಧವಾದ ದುಃಖವೊಂದನ್ನು ಪಕ್ಕದಲ್ಲಿಡಬೇಕು. ಮಧ್ಯಯುಗದ ಅತಿ ದೊಡ್ಡ ಯಹೂದಿ ಚಿಂತಕ ಮೈಮೊನಿಡೀಸ್ ಫುಸ್ತಾತ್‌ನಲ್ಲಿದ್ದರು. ಅವರ ತಮ್ಮ ದಾವೀದ್ ರತ್ನ ವ್ಯಾಪಾರಿ. ಅಣ್ಣನ ಓದು ನಡೆಯುತ್ತಿದ್ದುದೇ ತಮ್ಮನ ದುಡಿಮೆಯಲ್ಲಿ. ಭಾರತಕ್ಕೆ ಹೊರಟ ದಾವೀದ್ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಹೊರಡುವ ಮುನ್ನ ಕೆಂಪು ಸಮುದ್ರದ ಐಧಾಬ್ ಬಂದರಿನಿಂದ ಅವನು ಬರೆದ ಪತ್ರ ಗೆನೀಜಾದಲ್ಲೇ ಸಿಕ್ಕಿದೆ. ಸುದ್ದಿ ಬಂದ ಮೇಲೆ ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. 1185ರಲ್ಲಿ ಸ್ನೇಹಿತನಿಗೆ ಬರೆದ ಪತ್ರದಲ್ಲಿ, ಎಂಟು ವರ್ಷ ಕಳೆದರೂ ತಮ್ಮನ ಕೈಬರಹ ಕಂಡರೆ ಎದೆ ಹಿಂಡುತ್ತದೆ, ಧರ್ಮಗ್ರಂಥವಾದ ತೋರಾದ ಅಧ್ಯಯನವಿಲ್ಲದಿದ್ದರೆ ತಾನು ಉಳಿಯುತ್ತಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿಕೊಂಡಿದ್ದಾರೆ.

ಸ್ವಾರಸ್ಯ ಇರುವುದು ಇನ್ನೊಂದು ಕಡೆ. ಸುಮಾರು ಅದೇ ವರ್ಷಗಳಲ್ಲಿ ಅವರು ಮುಗಿಸಿದ ಧರ್ಮಸಂಹಿತೆ ‘ಮಿಶ್ನೆ ತೋರಾ’ದಲ್ಲಿ ಸೂತಕದ ವಿಧಿಗಳಿವೆ. ತಾಲ್ಮೂದಿನಿಂದ ಬಂದ ಆ ಲೆಕ್ಕ ಹೀಗೆ: ಅಳುವುದಕ್ಕೆ ಮೂರು ದಿನ, ಸತ್ತವರ ಗುಣಗಾನಕ್ಕೆ ಏಳು ದಿನ, ಕ್ಷೌರ ಮತ್ತು ಮಡಿಬಟ್ಟೆ ಬಿಡುವುದಕ್ಕೆ ಮೂವತ್ತು ದಿನ. ಅದಕ್ಕೆ ಮೀರಿ ಕೊರಗುವುದು ವಿವೇಕವಲ್ಲ. ಕೊರಗದೇ ಇರುವುದು ಕ್ರೌರ್ಯ. ಬರೆದವರೇ ಮೂವತ್ತು ದಿನದ ಗೆರೆಯನ್ನು ಒಂದು ವರ್ಷದಷ್ಟು ದಾಟಿದ್ದರು. ಇದನ್ನು ಬೂಟಾಟಿಕೆ ಎಂದು ಓದಬಹುದು. ನಾನು ಹಾಗೆ ಓದುವುದಿಲ್ಲ. ದುಃಖಿತ ಆ ಗಡುವಿನೊಳಗೆ ಗುಣವಾಗುತ್ತಾನೆಂಬ ಭರವಸೆ ವಿಧಿಯಲ್ಲಿ ಎಲ್ಲೂ ಇಲ್ಲ. ಗಡುವು ಹಾಕಿರುವುದು ಅವನ ಮೈಮೇಲಿನ ಬಟ್ಟೆಗೆ, ಗಡ್ಡಕ್ಕೆ, ಮನೆ ಬಾಗಿಲಿಗೆ. ಒಳಗೆ ಏನಿದ್ದರೂ ಮೂವತ್ತೊಂದನೆಯ ದಿನ ಕ್ಷೌರ ಮಾಡಿಸಿಕೋ ಎನ್ನುವಷ್ಟು ಮಾತ್ರ ಅದರ ಅಧಿಕಾರ.

ಮೊದಲ ಏಳು ದಿನದ ಕ್ರಮಗಳು ಕನ್ನಡದ ಓದುಗರಿಗೆ ಅಪರಿಚಿತವೆನಿಸಲಾರವು. ದುಃಖಿತರು ನೆಲದ ಮೇಲೋ ತಗ್ಗು ಪೀಠದ ಮೇಲೋ ಕೂರಬೇಕು, ಚರ್ಮದ ಪಾದರಕ್ಷೆ ಹಾಕಬಾರದು, ಕೆಲಸಕ್ಕೆ ಹೋಗಬಾರದು. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ಅವರ ಮನೆಯದಾಗಿರಬಾರದು; ನೆರೆಯವರು ತರಬೇಕು, ಅದರಲ್ಲಿ ಕಾಳೋ ಮೊಟ್ಟೆಯೋ ಇರಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚದೆ ನೆಂಟರ ಮನೆಯ ಅನ್ನ ಉಣ್ಣುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬಂದವರು ಸುಮ್ಮನೆ ಕೂರಬೇಕು. ದುಃಖಿತ ಬಾಯಿ ತೆರೆಯುವ ತನಕ ಮಾತಾಡಬಾರದು. ಅಚ್ಚರಿ ಹುಟ್ಟಿಸುವ ನಿಯಮ ಇನ್ನೊಂದಿದೆ. ಆ ಏಳು ದಿನ ದುಃಖಿತ ತೋರಾ ಓದುವಂತಿಲ್ಲ. ಓದು ಸಂತೋಷ ಕೊಡುತ್ತದೆ, ಅದಕ್ಕೇ ಬೇಡ. ಯೋಬನ ಗ್ರಂಥ, ಪ್ರಲಾಪಗಳು, ಸೂತಕದ ವಿಧಿಗಳು, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಪುಸ್ತಕವೇ ಪ್ರಾಣವಾಗಿರುವ ಸಮುದಾಯ ತೀವ್ರ ದುಃಖದ ಮೊದಲ ವಾರದಲ್ಲಿ ಪುಸ್ತಕವನ್ನು ಮುಚ್ಚಿಡಿಸುತ್ತದೆ. ‘ಧರ್ಮಗ್ರಂಥ ಓದಿ, ಸಮಾಧಾನವಾಗುತ್ತದೆ’ ಎಂಬ ಉಪದೇಶವನ್ನು ಯಹೂದಿ ಪರಂಪರೆಯ ಹೆಸರಿನಲ್ಲಿ ಹೇಳುವವರು ಈ ನಿಯಮವನ್ನು ಗಮನಿಸಿಲ್ಲ.

ವಿನಾಯಿತಿ ಪಡೆದ ಗ್ರಂಥಗಳಲ್ಲಿ ಯೋಬನದ್ದು ನಮಗೆ ಹತ್ತಿರದ್ದು. ಬಳ್ಳಾರಿಯ ಮಿಷನರಿಗಳ ಕಾಲದಿಂದ ಅದು ಕನ್ನಡದಲ್ಲಿದೆ. ಆದರೆ ನಾವು ಅದನ್ನು ಕ್ರೈಸ್ತ ಗ್ರಂಥದ ಭಾಗವಾಗಿ ಓದಿದ್ದೇವೆ. ರಾಘವಾಂಕನ ಹರಿಶ್ಚಂದ್ರಕಾವ್ಯ ಬಲ್ಲವರಿಗೆ ಅದರ ಆರಂಭ ಗುರುತು ಹತ್ತುತ್ತದೆ. ಅಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರ ವಾದ. ಇಲ್ಲಿ ದೇವರ ಸಭೆಯಲ್ಲಿ ಸೈತಾನನ ಸವಾಲು. ಎರಡರಲ್ಲೂ ನೆಲದ ಮೇಲಿನ ಒಳ್ಳೆಯ ಮನುಷ್ಯ ತನಗೆ ಗೊತ್ತೇ ಇಲ್ಲದ ಪಂದ್ಯಕ್ಕೆ ಆಸ್ತಿ, ಮಕ್ಕಳನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ದಾರಿ ಕವಲಾಗುತ್ತದೆ. ಹರಿಶ್ಚಂದ್ರ ಕೊಟ್ಟ ಮಾತಿಗೆ ಅಂಟಿ ನಿಲ್ಲುತ್ತಾನೆ. ಯೋಬ ಜಗಳಕ್ಕೆ ನಿಲ್ಲುತ್ತಾನೆ. ದೇವರನ್ನೇ ವಿಚಾರಣೆಗೆ ಕರೆಯುತ್ತಾನೆ. ಅವನ ಗೆಳೆಯರು ಏಳು ದಿನ ಬಾಯಿ ಬಿಡದೆ ಪಕ್ಕದಲ್ಲಿ ಕೂತಿದ್ದಾಗ ಸರಿಯಾಗಿಯೇ ಇದ್ದರು. ಆಮೇಲೆ, ನೀನೇನೋ ಪಾಪ ಮಾಡಿರಬೇಕು ಎಂದು ಕಾರಣ ಹುಡುಕಲು ಶುರುಮಾಡಿದರು. ಕೊನೆಯಲ್ಲಿ ದೇವರ ಸಿಟ್ಟಿಗೆ ಗುರಿಯಾದವರು ಈ ಗೆಳೆಯರು, ಜಗಳವಾಡಿದ ಯೋಬನಲ್ಲ. ಸಾವಿನ ಮನೆಗೆ ಹೋದವರು ಮೊದಲು ಮಾತಾಡಬಾರದೆಂಬ ತಾಲ್ಮೂದಿನ ನಿಯಮ ಇದೇ ಕಥೆಯಿಂದ ಹುಟ್ಟಿದೆ. ಸಂಕಟಕ್ಕೆ ವಿವರಣೆ ಕೊಡುವ ಅವಸರವನ್ನು ಪಠ್ಯವೇ ತಡೆದು ಅದನ್ನು ಬಂದವರ ನಡವಳಿಕೆಯ ನಿಯಮವಾಗಿಸಿದ್ದು ನನಗೆ ಈ ಪರಂಪರೆಯ ಅತ್ಯಂತ ಗಟ್ಟಿ ಅಂಶವಾಗಿ ಕಾಣುತ್ತದೆ.

ಇನ್ನು ಸೆರೆಯಾಳಿನ ಪ್ರಕರಣ. ಕೊಂಕಣ ಕರಾವಳಿಯ ಮರಾಠಿ ಮಾತಿನ ಯಹೂದಿಗಳು ಬೆನೆ ಇಸ್ರೇಲಿಗಳು. ಎಣ್ಣೆ ಗಾಣದ ಕಸುಬಿನವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅವರನ್ನು ಶನಿವಾರದ ತೇಲಿಗಳು ಎನ್ನುತ್ತಿದ್ದರು. ಪೂರ್ವಜರು ಹಡಗು ಒಡೆದು ನೌಗಾಂವ್ ದಡ ಸೇರಿದರು, ಪುಸ್ತಕಗಳೆಲ್ಲ ನೀರುಪಾಲಾದವು ಎಂಬುದು ಅವರ ನಂಬಿಕೆ. ಅವರ ನಾಲಗೆಯ ಮೇಲೆ ಉಳಿದಿದ್ದ ಹೀಬ್ರೂ ಎಂದರೆ ದೇವರು ಒಬ್ಬನೇ ಎಂದು ಸಾರುವ ‘ಶೆಮಾ’. ಮಗುವಿನ ಸುನ್ನತಿಗೆ, ಮದುವೆಗೆ, ಸಾವಿಗೆ, ಎಲ್ಲಕ್ಕೂ ಅದನ್ನೇ ಹೇಳುತ್ತಿದ್ದರು. ಜೆರುಸಲೇಮಿನ ದೇವಾಲಯ ನಾಶವಾದ ಶೋಕದಿನವನ್ನು ಹೀಬ್ರೂ ಹೆಸರಿಲ್ಲದೆ, ಅವರೆಯ ಸಾರಿನ ಊಟದಿಂದ ನೆನಪಿಟ್ಟುಕೊಂಡು ‘ಬಿರ್ಡ್ಯಾಚಾ ಸಣ್’ ಎಂದು ಕರೆಯುತ್ತಿದ್ದರು. ಪಠ್ಯ ಇಲ್ಲದ ಕಡೆ ಅಡುಗೆಮನೆ ಪಂಚಾಂಗವಾಗಿತ್ತು.

18ನೇ ಶತಮಾನದ ನಡುವಿನಿಂದ ಇವರಲ್ಲಿ ಹಲವರು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯ ಸೇರಿದರು. ಅವರಲ್ಲೊಬ್ಬ ಸಾಮಾಜಿ ಹಸಾಜಿ ದಿವೇಕರ್, ಅಂದರೆ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಎರಡನೆಯ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕ. ಅದೇ ಯುದ್ಧದಲ್ಲಿ, 1783ರಲ್ಲಿ, ಬಿದನೂರಿನ ಕೋಟೆಯಲ್ಲಿ ಶರಣಾದ ಕಂಪನಿಯ ಪಡೆಯವರು ಚಿತ್ರದುರ್ಗದ ಕೋಟೆಯಲ್ಲೂ ಶ್ರೀರಂಗಪಟ್ಟಣದಲ್ಲೂ ಕೊಳೆತ ಸಂಗತಿ ಇಂಗ್ಲಿಷ್ ಅಧಿಕಾರಿಗಳ ಬರಹಗಳಿಂದ ತಿಳಿದಿದೆ. ದಿವೇಕರನ ಬಿಡುಗಡೆಯ ಬಗ್ಗೆ ಸಮುದಾಯದಲ್ಲಿ ಒಂದು ಕಥೆ ಬಂದಿದೆ. ನೀವು ಯಾರೆಂದು ಕೇಳಿದಾಗ ಕೈದಿಗಳು ‘ಬನಿ ಇಸ್ರಾಯಿಲ್’ ಎಂದರಂತೆ. ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರಿರುವ ಜನರನ್ನು ಮೊದಲ ಬಾರಿ ಕಾಣುತ್ತಿದ್ದೇನೆ, ಇವರನ್ನು ಉಳಿಸು ಎಂದು ಮಗನನ್ನು ಬೇಡಿದಳಂತೆ. ಈ ಕಥೆ ಸಮುದಾಯದೊಳಗಿನದು. ಬೆನೆ ಇಸ್ರೇಲಿಗಳ ಚರಿತ್ರೆಕಾರ ಎಚ್.ಎಸ್. ಕೆಹಿಮ್‌ಕರ್ 19ನೇ ಶತಮಾನದ ಕೊನೆಯಲ್ಲಿ ಬರೆದು, 1937ರಲ್ಲಿ ಪ್ರಕಟವಾದ ಗ್ರಂಥದಿಂದ ಹೊರಗೂ ಹರಡಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಕೈದಿಗಳನ್ನೆಲ್ಲ ಬಿಡಬೇಕೆಂಬ ಕರಾರಿತ್ತೆಂಬುದನ್ನು ಇದರ ಪಕ್ಕದಲ್ಲಿ ಬರೆದಿಡಬೇಕು. ಸಮುದಾಯ ಒಪ್ಪಂದವನ್ನು ಮರೆತು ತಾಯಿಯ ಕರುಣೆಯನ್ನು ನೆನಪಿಟ್ಟುಕೊಂಡಿತು. ಟಿಪ್ಪುವನ್ನು ಕುರಿತ ಇಂದಿನ ಜಗಳಗಳಲ್ಲಿ ಎರಡೂ ಕಡೆಯವರಿಗೆ ಈ ಕಥೆ ಅಷ್ಟಾಗಿ ಒಗ್ಗುವುದಿಲ್ಲ. ಬಹುಶಃ ಅದಕ್ಕೇ ಯಾರೂ ಎತ್ತುವುದಿಲ್ಲ.

ಬದುಕಿ ಬಂದರೆ ಸಿನಗಾಗ್ ಕಟ್ಟಿಸುತ್ತೇನೆ ಎಂದು ದಿವೇಕರ್ ಹರಕೆ ಹೊತ್ತಿದ್ದ. 1796ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಕಟ್ಟಿಸಿದ. ಅದರ ಹೀಬ್ರೂ ಹೆಸರು ‘ಶಾರ್ ಹಾರಹಮೀಮ್’, ಕರುಣೆಯ ಬಾಗಿಲು. ಮುಂದಿನ ಬೀದಿಗೆ ಅವನದೇ ಹೆಸರು ಬಂತು. ಕೆಹಿಮ್‌ಕರ್ ಕಥನವನ್ನು ಓದುವವರು ಇದನ್ನು ನಮ್ಮ ದೇವಸ್ಥಾನದ ಹರಕೆಗಳ ಸಾಲಿಗೆ ಸೇರಿಸಿಬಿಡುವ ಸಂಭವವಿದೆ. ಸೇರಿಸಬಹುದು, ಆದರೆ ತಾಲ್ಮೂದಿನ ಒಂದು ನಿಯಮ ಗೊತ್ತಿದ್ದರೆ ಚಿತ್ರ ಬದಲಾಗುತ್ತದೆ. 107ನೇ ಕೀರ್ತನೆಯನ್ನು ಆಧರಿಸಿ ಬೆರಾಖೋತ್ ಎಂಬ ಭಾಗ ನಾಲ್ವರನ್ನು ಹೆಸರಿಸುತ್ತದೆ: ಸಮುದ್ರ ದಾಟಿ ಬಂದವನು, ಮರುಭೂಮಿ ದಾಟಿದವನು, ಕಾಯಿಲೆಯಿಂದ ಎದ್ದವನು, ಸೆರೆಯಿಂದ ಬಿಟ್ಟು ಬಂದವನು. ಈ ನಾಲ್ವರು ಕೃತಜ್ಞತೆಯ ಮಂತ್ರ ಹೇಳಲೇಬೇಕು. ಒಬ್ಬನೇ ಕೂತು ಹೇಳಿದರೆ ಸಲ್ಲದು, ಹತ್ತು ಜನರ ಮುಂದೆ ಹೇಳಬೇಕು. ಅವರೂ ಮರುನುಡಿ ಹೇಳುತ್ತಾರೆ. ಕೆಟ್ಟ ಸುದ್ದಿ ಕೇಳಿದಾಗ ಹೇಳುವ ಮಂತ್ರ ಬೇರೆ ಇದೆ. ಒಳ್ಳೆಯದಕ್ಕೆ ಹೇಗೋ ಕೆಟ್ಟದ್ದಕ್ಕೂ ಹಾಗೆ ದೇವರನ್ನು ಸ್ತುತಿಸಬೇಕೆಂದು ತಾಲ್ಮೂದಿನ ಮೂಲಪಾಠವಾದ ಮಿಶ್ನಾ ಹೇಳುತ್ತದೆ. ಬದುಕುಳಿದದ್ದು ಖಾಸಗಿ ಸಂಗತಿಯಾಗಿ ಉಳಿಯದಂತೆ ಕೃತಜ್ಞತೆಯ ಈ ವಿಧಿ ನೋಡಿಕೊಳ್ಳುತ್ತದೆ.

ಈ ವಿಧಿಯನ್ನು ಪಾಲಿಸಲು ಹತ್ತು ಜನ ಸೇರುವ ಜಾಗ ಬೇಕು. ದಿವೇಕರನ ಕಾಲದ ಬೆನೆ ಇಸ್ರೇಲಿಗಳಿಗೆ ಹಾಗೊಂದು ಜಾಗವೇ ಇರಲಿಲ್ಲ. ಅವನು ಕಟ್ಟಿಸಿದ್ದು ಅದನ್ನು. ಮುಂದಿನ ಹೆಜ್ಜೆಯೂ ಸಹಜವಾಗಿತ್ತು: ಸಿನಗಾಗ್‌ಗೆ ತೋರಾದ ಸುರುಳಿ ಬೇಕು. ಅದನ್ನು ತರಲು ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲೇ ತೀರಿಕೊಂಡ. ಮುಂದಿನ ಶತಮಾನದಲ್ಲಿ ಕೊಚ್ಚಿಯ ಗುರುಗಳೂ ಮುಂಬಯಿಯ ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನ್ನರ ಶಾಲೆಯೂ ಸಮುದಾಯಕ್ಕೆ ಹೀಬ್ರೂ ಕಲಿಸಿದವು. ಬೆನ್ ಯಿಜುವಿಗೆ ಪಠ್ಯ ಮೊದಲಿತ್ತು, ಸಂಕಟ ಆಮೇಲೆ ಬಂತು. ಬೆನೆ ಇಸ್ರೇಲಿಗಳಲ್ಲಿ ಕ್ರಮ ತಿರುಗುಮುರುಗು: ಒಬ್ಬ ಸೈನಿಕನ ಸೆರೆವಾಸ ಇಡೀ ಸಮುದಾಯವನ್ನು ಪಠ್ಯದ ಕಡೆಗೆ ನೂಕಿತು.

ಇಷ್ಟು ಹೇಳಿದ ಮೇಲೆ ಆಕರಗಳ ಓರೆಯನ್ನು ಹೇಳದಿದ್ದರೆ ಟಿಪ್ಪಣಿ ಅಪೂರ್ಣ. ಮಂಗಳೂರಿನಲ್ಲಿ 1132ರ ಅಕ್ಟೋಬರ್ 17ರಂದು ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆಸಿದ. ಅದರಲ್ಲಿ ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು. ಅವನ ಮಕ್ಕಳ ತಾಯಿ ಅವಳೆಂದೇ ವಿದ್ವಾಂಸರು ತಿಳಿಯುತ್ತಾರೆ. ಲೆಕ್ಕದ ಕಾಗದಗಳಲ್ಲಿ ಅವಳ ಸೋದರನೊಬ್ಬ ‘ನಾಯರ್’ ಎಂದು ಕಾಣಿಸಿಕೊಳ್ಳುತ್ತಾನೆ. 1149ರ ಪ್ರಯಾಣದಲ್ಲಿ ಮಕ್ಕಳು ತಂದೆಯ ಜೊತೆ ಹೋದರು. ಪತ್ರಗಳಲ್ಲಿ ಆಶುವಿನ ಮಾತಿಲ್ಲ. ತುಳುನಾಡಿನ ಅಳಿಯಸಂತಾನವಾಗಲಿ ಕೇರಳದ ಮರುಮಕ್ಕತ್ತಾಯವಾಗಲಿ ಮಕ್ಕಳನ್ನು ತಾಯಿಯ ಮನೆತನಕ್ಕೆ ಸೇರಿಸುವ ಕ್ರಮಗಳು. ಅವು 12ನೇ ಶತಮಾನದಲ್ಲಿ ಎಷ್ಟು ಗಟ್ಟಿಯಾಗಿದ್ದವೆಂಬುದು ಚರ್ಚೆಯಲ್ಲಿದೆ. ಆದರೆ ಆ ಕ್ರಮ ಅಲ್ಪಸ್ವಲ್ಪ ಇದ್ದಿದ್ದರೂ, ಮಹ್ದಿಯಾದ ಮನೆತನವನ್ನು ಕೂಡಿಸಿದ ಅದೇ ಮದುವೆ ಆಶುವಿನ ಮನೆಯವರ ಕಣ್ಣಿಗೆ ಹೆಣ್ಣುಮಗಳೊಬ್ಬಳು ಸಂತಾನ ಸಮೇತ ಕೈಬಿಟ್ಟು ಹೋದ ಘಟನೆ. ಬೊಮ್ಮನ ವಿಷಯವೂ ಹೀಗೇ. ಒಡೆಯನ ಸರಕು ಹೊತ್ತು ಏಡನ್‌ಗೆ ಹೋಗಿ ಬರುತ್ತಿದ್ದ ಈ ಆಳಿಗೆ ಅಲ್ಲಿಯ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಕ್ಷೇಮ ಸಮಾಚಾರ ಕಳಿಸುತ್ತಾರೆ. ಅವನು ಬರೆಸಿದ ಪತ್ರ ಒಂದೂ ಇಲ್ಲ. ಗೆನೀಜಾ ಉಳಿಸಿದ್ದು ಹೆಚ್ಚಾಗಿ ಹೀಬ್ರೂ ಲಿಪಿಯ ಕಾಗದವನ್ನು. ಆಶುವಿನ ಕಡೆಯ ಮಾತಿಗೆ ಆಳುಪರ ಕಾಲದ ಶಾಸನಗಳಲ್ಲಿ ಹೆಂಗಸರ ದಾನ, ಆಸ್ತಿ, ಮನೆತನಗಳ ಉಲ್ಲೇಖಗಳನ್ನು ಒಂದೊಂದಾಗಿ ಹುಡುಕಬೇಕು. ಬಿಡುಗಡೆ ಪತ್ರವನ್ನೂ ಆ ಶಾಸನಗಳನ್ನೂ ಎದುರುಬದುರಿಟ್ಟು ಓದುವ ಕೆಲಸಕ್ಕೆ ಹೀಬ್ರೂ ಬಲ್ಲವರೊಬ್ಬರೂ ಹಳಗನ್ನಡ, ತುಳು ಬಲ್ಲವರೊಬ್ಬರೂ ಒಟ್ಟಿಗೆ ಕೂರಬೇಕಾಗುತ್ತದೆ.